ಹತ್ತು ಪೆನ್ನಿಯ ತೀರ್ಪು



ಲೆಕ್ಕಪರಿಶೋಧಕನನ್ನು ಮಾತಿಗೆ ಕರೆದರೆ ತೆರಿಗೆಯ ಬಗ್ಗೆ ಹೇಳುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಇವತ್ತು ಜೇಬುಗಳ್ಳರ ಬಗ್ಗೆ ಮಾತಾಡುತ್ತೇನೆ. ಎರಡೂ ಒಂದೇ ಅಲ್ಲವೇ ಎನ್ನುವವರಿಗೆ ಊಟದ ಹೊತ್ತಿನಲ್ಲಿ ಉತ್ತರ ಕೊಡುತ್ತೇನೆ.

ಮೊದಲು ನಿಮ್ಮ ಪರ್ಸಿನಿಂದ 20 ಡಾಲರಿನ ನೋಟೊಂದನ್ನು ತೆಗೆದು ನೋಡಿ. ಕನ್ನಡಕ ಹಾಕಿಕೊಂಡ ಗೌರವಸ್ಥ ಅಜ್ಜಿಯೊಬ್ಬರ ಮುಖ ಕಾಣುತ್ತದೆ. ಮೇರಿ ರೀಬಿ. 1790ರಲ್ಲಿ, 13ನೇ ವಯಸ್ಸಿನಲ್ಲಿ, ಗಂಡುಹುಡುಗನ ವೇಷದಲ್ಲಿದ್ದಾಗ ಕುದುರೆ ಕದ್ದ ಆರೋಪದ ಮೇಲೆ ಇಂಗ್ಲೆಂಡಿನಲ್ಲಿ ಸಿಕ್ಕಿಬಿದ್ದು, ಗಡೀಪಾರಾಗಿ ಸಿಡ್ನಿಗೆ ಬಂದವರು. ಮುಂದೆ ಹಡಗು, ಅಂಗಡಿ, ಮನೆಗಳ ಒಡತಿಯಾದರು. 1966ರಲ್ಲಿ ಡಾಲರು ಬಂದಾಗ ಮೊದಲ ಹತ್ತು ಡಾಲರಿನ ನೋಟಿನ ಮೇಲಿದ್ದ ಫ್ರಾನ್ಸಿಸ್ ಗ್ರೀನ್‌ವೇ ಇನ್ನೂ ಒಂದು ಕೈ ಮೇಲು. ದೊಡ್ಡ ವಾಸ್ತುಶಿಲ್ಪಿ, ನಿಜ. ಆದರೆ ಇಲ್ಲಿಗೆ ಬಂದದ್ದು ಕರಾರುಪತ್ರವೊಂದನ್ನು ಫೋರ್ಜರಿ ಮಾಡಿದ್ದಕ್ಕೆ. ಫೋರ್ಜರಿಗೆ ಶಿಕ್ಷೆಯಾದವನ ಚಿತ್ರವನ್ನು ನೋಟಿನ ಮೇಲೆ ಅಚ್ಚುಹಾಕಿದ ದೇಶದಲ್ಲಿ ನಾವು ಆಡಿಟ್ ಮಾಡಿಕೊಂಡಿದ್ದೇವೆ.

ಇಬ್ಬರಿಗೂ ಮೊದಲು ಸಿಕ್ಕಿದ್ದು ಮರಣದಂಡನೆಯೇ, ಆಮೇಲೆ ಇಳಿಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ಜೇಬು ಕತ್ತರಿಸಿದರೂ ನೇಣೇ ಇತ್ತು. ಆದರೆ ನೇಣಿಗೂ ಬದುಕಿಗೂ ನಡುವೆ ಒಂದು ಅಂಕಿ ಇತ್ತು. ನನ್ನ ಮಾತು ಆ ಅಂಕಿಯದು.

'ಜೇಬಿಗೆ ಕತ್ತರಿ' ಎಂದು ನಾವು ಈಗಲೂ ಅನ್ನುತ್ತೇವೆ, ಕತ್ತರಿ ಹಿಡಿದ ಕಳ್ಳನನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೋ ಕಾಣೆ. ಹಣದ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ ಕಾಲದ ಮಾತು ಅದು. ಇಂಗ್ಲಿಷಿನಲ್ಲೂ ಹಳೆಯ ಹೆಸರು 'ಕಟ್‌ಪರ್ಸ್' ಎಂದೇ. ಸಂಸ್ಕೃತದಲ್ಲಿ ಗ್ರಂಥಿಭೇದಕ, ಗಂಟು ಕತ್ತರಿಸುವವನು. ಮನುಸ್ಮೃತಿ ಅವನಿಗೆ ಮೊದಲ ಸಲ ಬೆರಳು, ಎರಡನೆಯ ಸಲ ಕೈಕಾಲು, ಮೂರನೆಯ ಸಲ ಪ್ರಾಣ ಎಂದು ದರಪಟ್ಟಿ ಹಾಕಿದೆ. ಕ್ರೌರ್ಯದಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ. ಆದರೆ ಅಲ್ಲಿ ಎಣಿಕೆ ಎಷ್ಟು ಸಲ ಎಂಬುದರದು. ಇಂಗ್ಲೆಂಡಿನದು ಎಷ್ಟು ದುಡ್ಡು ಎಂಬುದರದು.

1565ರಲ್ಲಿ, ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ, ಒಂದು ಕಾನೂನು ಬಂತು. ಒಬ್ಬನ ಮೈಮೇಲಿನಿಂದ, ಅವನಿಗೆ ಗೊತ್ತಾಗದ ಹಾಗೆ, 12 ಪೆನ್ನಿಗಿಂತ ಹೆಚ್ಚಿನ ಬೆಲೆಯ ಮಾಲು ಕದ್ದರೆ ನೇಣು. ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್. ಕಾನೂನು ಬಂದಾಗ ಒಂದು ಶಿಲ್ಲಿಂಗ್ ಎಂದರೆ ಸಣ್ಣ ಮೊತ್ತವಲ್ಲ. ಆಮೇಲೆ ಬೆಲೆಗಳು ಏರಿದವು, ಕೂಲಿ ಏರಿತು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಕೂಲಿಯವನು ದಿನಕ್ಕೆ ಎರಡು ಶಿಲ್ಲಿಂಗ್‌ನಷ್ಟು ದುಡಿಯುತ್ತಿದ್ದ. ಒಂದು ರೇಷ್ಮೆ ಕರವಸ್ತ್ರಕ್ಕೇ ಅದಕ್ಕಿಂತ ಹೆಚ್ಚು. ಕಾನೂನಿನ 12 ಪೆನ್ನಿ ಮಾತ್ರ ಕದಲಲಿಲ್ಲ, 243 ವರ್ಷ. ನಮ್ಮ ಭಾಷೆಯಲ್ಲಿ ಇದು ಬ್ರಾಕೆಟ್ ಕ್ರೀಪ್. ಸಂಬಳ ಏರಿ, ತೆರಿಗೆಯ ಸ್ಲ್ಯಾಬ್ ಏರದಿದ್ದರೆ ನಾವು ಗೊಣಗುತ್ತೇವೆ. ಅಲ್ಲಿ ಸ್ಲ್ಯಾಬಿನ ಆಚೆ ಇದ್ದದ್ದು ಟೈಬರ್ನ್ ಎಂಬ ನೇಣುಗಂಬ.

ಈ ಗೆರೆಯನ್ನು ಪಾರ್ಲಿಮೆಂಟು ಸರಿಮಾಡಲಿಲ್ಲ. ಸರಿಮಾಡಿದವರು ಜ್ಯೂರಿಯಲ್ಲಿ ಕೂತ ಅಂಗಡಿಯವರು, ಕಸುಬಿನವರು. ಲಂಡನ್ನಿನ ಓಲ್ಡ್ ಬೇಯ್ಲಿ ನ್ಯಾಯಾಲಯದ 1674ರಿಂದ 1913ರವರೆಗಿನ ಸುಮಾರು 1,97,000 ವಿಚಾರಣೆಗಳ ವರದಿ ಈಗ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ರಿಟರ್ನ್ ಸೀಸನ್ನಿನ ರಾತ್ರಿಗಳಲ್ಲಿ ನಿದ್ದೆ ಬಾರದಾಗ ನಾನು ಅದನ್ನು ಓದುತ್ತೇನೆ. ಒಂದೇ ರೀತಿಯ ಸಾಲು ಮತ್ತೆ ಮತ್ತೆ ಬರುತ್ತದೆ: ಮಾಲಿನ ಬೆಲೆ ಆರೋಪಪಟ್ಟಿಯಲ್ಲಿ ಇಷ್ಟು ಶಿಲ್ಲಿಂಗ್, ತೀರ್ಪು, ತಪ್ಪಿತಸ್ಥ, ಹತ್ತು ಪೆನ್ನಿಯ ಮಟ್ಟಿಗೆ. ಕದ್ದದ್ದು ಹೌದು, ಆದರೆ ಕದ್ದ ವಸ್ತುವಿನ ಬೆಲೆ ಹತ್ತೇ ಪೆನ್ನಿ ಎಂದು ಹನ್ನೆರಡು ಜನ ದೇವರ ಮೇಲೆ ಪ್ರಮಾಣ ಮಾಡಿ ಹೇಳುತ್ತಿದ್ದರು. ಮನೆಯೊಳಗಿನ ಕಳವಿಗೆ 40 ಶಿಲ್ಲಿಂಗಿನ ಗೆರೆ ಇತ್ತು. ಅಲ್ಲಿ ಮಾಲು 39 ಶಿಲ್ಲಿಂಗ್ ಆಗುತ್ತಿತ್ತು. ಹತ್ತು ಪೌಂಡಿನ ಬ್ಯಾಂಕ್ ನೋಟನ್ನೇ 39 ಶಿಲ್ಲಿಂಗ್ ಎಂದು ತೀರ್ಮಾನಿಸಿದ್ದುಂಟು. ನೋಟಿನ ಮುಖದ ಮೇಲೆಯೇ ಬೆಲೆ ಅಚ್ಚಾಗಿರುವಾಗ! 1827ರಲ್ಲಿ ಮನೆಗಳವಿನ ಗೆರೆಯನ್ನು ಐದು ಪೌಂಡಿಗೆ ಏರಿಸಿದ ಮೇಲೆ ಜ್ಯೂರಿಗಳ ಅಂಕಿಯೂ 99 ಶಿಲ್ಲಿಂಗಿಗೆ ಜಿಗಿಯಿತು.

ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟೋನ್ ಇದನ್ನು ಒಂದು ಬಗೆಯ ಧರ್ಮದ ಸುಳ್ಳುಸಾಕ್ಷಿ ಎಂದು ಕರೆದ. ನನ್ನ ವೃತ್ತಿಯಲ್ಲಿ ಬೇಕೆಂದೇ ಮೌಲ್ಯ ತಪ್ಪು ಬರೆದರೆ ಸದಸ್ಯತ್ವವೇ ಹೋಗುತ್ತದೆ. ಇಪ್ಪತ್ತು ವರ್ಷ ಅಂಕಿಗಳಿಗೆ ಸಹಿ ಹಾಕಿದವನು ಈ ಹತ್ತು ಪೆನ್ನಿಗಳ ಪಟ್ಟಿ ನೋಡಿದಾಗ ಸುಮ್ಮನೆ ಮುಂದೆ ಹೋಗಲಾಗುವುದಿಲ್ಲ.

ಹೋಗಲಾಗದ್ದಕ್ಕೆ ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದ ಕಾಲ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವ ನೂಕುನುಗ್ಗಲಲ್ಲಿ ನನ್ನ ಪರ್ಸು ಹೋಯಿತು. ಹದಿನಾಲ್ಕು ಹದಿನೈದರ ಹುಡುಗ, ಅಲ್ಲೇ ಸಿಕ್ಕಿಬಿದ್ದ. ಜನ ಕಾಲರ್ ಹಿಡಿದುಕೊಂಡು ನನ್ನನ್ನು ಕೇಳಿದರು, 'ಎಷ್ಟಿತ್ತು ಸಾರ್?' ಇದ್ದದ್ದು ನೂರಾ ನಲವತ್ತು ರೂಪಾಯಿ. ನಾನು, 'ಸಾವಿರದ ನಾನೂರು, ಪರೀಕ್ಷೆ ಫೀಸು' ಅಂದೆ. ಯಾಕೆ ಅಂದೆನೋ, ಸಿಟ್ಟಿರಬೇಕು. ಆಮೇಲೆ ಬಿದ್ದ ಏಟುಗಳಲ್ಲಿ ಎಷ್ಟು ನೂರಾ ನಲವತ್ತರವು, ಎಷ್ಟು ನಾನು ಸೇರಿಸಿದ ಸೊನ್ನೆಯವು ಎಂದು ಲೆಕ್ಕ ಹಾಕಲು ನನಗೆ ಇವತ್ತಿಗೂ ಬಂದಿಲ್ಲ.

ಲಂಡನ್ನಿಗೆ ವಾಪಸ್ ಹೋಗೋಣ. ಜ್ಯೂರಿಯ ಪುಸ್ತಕಕ್ಕೆ ಎದುರಾಗಿ ಅಲ್ಲಿ ಇನ್ನೊಂದು ಲೆಕ್ಕದ ಪುಸ್ತಕವೂ ಇತ್ತು. ಜಾನ್ ಗೇ 1728ರಲ್ಲಿ ರಂಗಕ್ಕೆ ತಂದ 'ದಿ ಬೆಗರ್ಸ್ ಆಪರಾ' ನಾಟಕದ ಪರದೆ ಏಳುವಾಗ ಪೀಚಮ್ ಎಂಬವನು ದೊಡ್ಡ ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಕೂತಿರುತ್ತಾನೆ. ಕಳ್ಳಮಾಲು ಕೊಳ್ಳುವವನೂ ಅವನೇ, ಕಳ್ಳರನ್ನು ಹಿಡಿದುಕೊಡುವವನೂ ಅವನೇ. ಯಾರು ಸರಿಯಾಗಿ ದುಡಿಯುತ್ತಿಲ್ಲ, ಯಾರನ್ನು ಈ ಸಲ ನೇಣಿಗೆ ಬಿಡಬಹುದು ಎಂದು ಹೆಸರು ಹೆಸರಾಗಿ ನೋಡುತ್ತಾನೆ. ನಾಟಕ ನೋಡಿದವರಿಗೆ ಅವನು ಯಾರೆಂದು ಹೇಳಬೇಕಾಗಿರಲಿಲ್ಲ. ಅದೇ ಎರಡು ಮುಖದ ಕಸುಬು ಮಾಡಿಕೊಂಡಿದ್ದ ಜೊನಾಥನ್ ವೈಲ್ಡ್‌ನನ್ನು ಅವರು ಮೂರು ವರ್ಷದ ಹಿಂದಷ್ಟೇ, 1725ರ ಮೇ ತಿಂಗಳಲ್ಲಿ, ಟೈಬರ್ನಿಗೆ ಕಳಿಸಿದ್ದರು.

ಈ ಕಸುಬಿನ ಬೇರು ಸರ್ಕಾರದ ಇನಾಮಿನಲ್ಲಿತ್ತು. ದಾರಿಗಳ್ಳ, ಕನ್ನಗಳ್ಳರಂಥ ದೊಡ್ಡ ಅಪರಾಧಿಗೆ ಶಿಕ್ಷೆಯಾದರೆ ಹಿಡಿದುಕೊಟ್ಟವನಿಗೆ 40 ಪೌಂಡ್. ಕರವಸ್ತ್ರ ಎಗರಿಸುವ ಹುಡುಗನಿಗೆ ಏನೂ ಇಲ್ಲ. ಹಾಗಾಗಿ ಹಿಡಿಯುವವರು ಚಿಕ್ಕವನನ್ನು ಕಂಡೂ ಕಾಣದಂತೆ ಬಿಟ್ಟು, ಅವನು 40 ಪೌಂಡ್ ತೂಗುವವರೆಗೆ ಕಾಯುತ್ತಾರೆ ಎಂಬ ದೂರು ಆ ಕಾಲದಲ್ಲೇ ಇತ್ತು. ಎಳೆಗರುವನ್ನು ಯಾರು ಸಂತೆಗೆ ಹೊಡೆಯುತ್ತಾರೆ?

ಚಿತ್ರದಲ್ಲೂ ಕಳ್ಳ ಬಂದ. ಹೊಗಾರ್ತ್ 1747ರಲ್ಲಿ ಕೆತ್ತಿದ ಸರಣಿಯಲ್ಲಿ ಸೋಮಾರಿ ಹುಡುಗನನ್ನು ಟೈಬರ್ನಿಗೆ ಒಯ್ಯುವ ದೃಶ್ಯವಿದೆ. ಜನ ಜಾತ್ರೆಯಂತೆ ಸೇರಿದ್ದಾರೆ, ತಿಂಡಿ ಮಾರುತ್ತಿದ್ದಾರೆ, ಆ ಗದ್ದಲದಲ್ಲೇ ಒಂದು ಕೈ ಇನ್ನೊಬ್ಬರ ಜೇಬಿನೊಳಗಿದೆ. ನೇಣಿನಿಂದ ಬುದ್ಧಿ ಬರುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಚಿಕ್ಕ ಉತ್ತರ ನನಗೆ ಗೊತ್ತಿಲ್ಲ.

ಡಿಕನ್ಸನ 'ಆಲಿವರ್ ಟ್ವಿಸ್ಟ್' ನೀವೆಲ್ಲ ಶಾಲೆಯಲ್ಲಿ ಸಂಕ್ಷಿಪ್ತವಾಗಿಯಾದರೂ ಓದಿದ್ದೀರಿ. ಫೇಗಿನ್ ಎಂಬ ಮುದುಕ ಹುಡುಗರಿಗೆ ಕೈಚಳಕ ಕಲಿಸುವುದು, ಕರವಸ್ತ್ರಗಳ ಮೇಲಿನ ಗುರುತಿನ ಹೊಲಿಗೆಯನ್ನು ಸೂಜಿಯಿಂದ ಬಿಡಿಸಲು ಹೇಳುವುದು ನೆನಪಿರಬಹುದು. ನನಗೆ ಮುಖ್ಯವಾದದ್ದು ಆಮೇಲಿನ ಒಂದು ಜಾಗ. ಆರ್ಟ್‌ಫುಲ್ ಡಾಡ್ಜರ್ ಎಂಬ ಚಾಲಾಕಿ ಹುಡುಗ ಕೊನೆಗೆ ಸಿಕ್ಕಿಬೀಳುವುದು ಒಂದು ನಶ್ಯದ ಡಬ್ಬಿಗೆ. ಅವನ ಗೆಳೆಯನಿಗೆ ದುಃಖ ಅವನು ಗಡೀಪಾರಾಗುವುದಕ್ಕಲ್ಲ, ಇಷ್ಟು ಅಗ್ಗದ ಮಾಲಿಗೆ ಆಗುವುದಕ್ಕೆ! ಬೆಲೆಯೇ ಮನುಷ್ಯನ ಅಳತೆಯೆಂದು ಕಾನೂನು ಕಲಿಸಿದ್ದನ್ನು ಆ ಹುಡುಗರು ಚೆನ್ನಾಗಿಯೇ ಕಲಿತಿದ್ದರು.

ಡಾಡ್ಜರ್ ಕಥೆಯೊಳಗೆ ಬರುವ ಹೊತ್ತಿಗೆ ಜೇಬಿಗೆ ನೇಣು ಇರಲಿಲ್ಲ. 1808ರಲ್ಲಿ ಸ್ಯಾಮ್ಯುಯೆಲ್ ರೊಮಿಲಿ ಎಂಬ ವಕೀಲ ಸಂಸದ ಎಲಿಜಬೆತ್ ಕಾಲದ ಆ ಕಾನೂನನ್ನು ತೆಗೆಸಿದ. ಎರಡು ಮೂರು ವರ್ಷಗಳಲ್ಲೇ ವಿರೋಧಿಗಳು ಅಂಕಿ ತಂದರು: ನೋಡಿ, ಜೇಬುಗಳ್ಳತನದ ಪ್ರಕರಣಗಳು ಹೆಚ್ಚಾಗಿವೆ. ರೊಮಿಲಿಯ ಉತ್ತರ ಯಾವ ಆಡಿಟರಿಗೂ ಖುಷಿ ಕೊಡುವಂಥದ್ದು. ಹೆಚ್ಚಿದ್ದು ಕಳವಲ್ಲ, ದೂರು. ಒಬ್ಬನ ಜೀವ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದವರು ಈಗ ಧೈರ್ಯವಾಗಿ ನ್ಯಾಯಾಲಯಕ್ಕೆ ಬರುತ್ತಿದ್ದಾರೆ ಎಂದ. ಅಂಗಡಿಗಳ್ಳತನದ ಐದು ಶಿಲ್ಲಿಂಗಿನ ಗೆರೆಗೂ ಕೈ ಹಾಕಿದ. 1810ರಲ್ಲಿ ಮೇಲ್ಮನೆ ತಿರಸ್ಕರಿಸಿತು, ವಿರೋಧಿಸಿದವರಲ್ಲಿ ಏಳು ಜನ ಬಿಷಪ್ಪರು. ಅವನಿಗೆ ಬೆಂಬಲ ಬಂದದ್ದು ನಿರೀಕ್ಷಿಸದ ಕಡೆಯಿಂದ. ಬಟ್ಟೆ ಬಿಳುಪು ಮಾಡುವ ಮೈದಾನಗಳ ಮಾಲೀಕರೇ, ನಮ್ಮ ಬಟ್ಟೆ ಕದ್ದವರಿಗೆ ನೇಣು ಬೇಡ ಎಂದು ಅರ್ಜಿ ಹಾಕಿದರು. 1811ರಲ್ಲಿ ಅದು ಕಾನೂನಾಯಿತು. 1830ರಲ್ಲಿ 214 ಊರುಗಳ ಬ್ಯಾಂಕಿನವರು ಫೋರ್ಜರಿಗೆ ಮರಣದಂಡನೆ ಬೇಡವೆಂದರು. ಕರುಣೆ ಎಷ್ಟಿತ್ತೋ, ಜ್ಯೂರಿ ಶಿಕ್ಷೆಯನ್ನೇ ಕೊಡುತ್ತಿಲ್ಲ, ನಮ್ಮ ಮಾಲು ಕಾಪಾಡುವವರಿಲ್ಲ ಎಂಬ ವ್ಯಾಪಾರಿ ಬುದ್ಧಿ ಅಷ್ಟೇ ಇತ್ತು. ಹತ್ತು ಪೆನ್ನಿಯ ಸುಳ್ಳು ತೀರ್ಪುಗಳು ಸೇರಿ ಸೇರಿ ಕಾನೂನನ್ನು ಕೆಲಸಕ್ಕೆ ಬಾರದಂತೆ ಮಾಡಿಬಿಟ್ಟಿದ್ದವು.

ಗೆರೆಯ ಈಚೆಗೆ ಉಳಿದವರನ್ನು ಹಡಗು ತುಂಬಿ ಇಲ್ಲಿಗೆ ಕಳಿಸಿದರು. 50 ಶಿಲ್ಲಿಂಗಿನ ಕಪ್ಪು ರೇಷ್ಮೆ ಲೇಸ್ ಕದ್ದ ಎಸ್ತರ್ ಏಬ್ರಹಾಮ್ಸ್‌ಗೆ 1786ರಲ್ಲಿ ಸಿಕ್ಕಿದ್ದು ಏಳು ವರ್ಷದ ಗಡೀಪಾರು. ಕೂಸನ್ನು ಎತ್ತಿಕೊಂಡು ಮೊದಲ ಹಡಗುಪಡೆಯಲ್ಲಿ ಬಂದಳು. ಅವಳ ಬಾಳಸಂಗಾತಿ ಜಾರ್ಜ್ ಜಾನ್‌ಸ್ಟನ್ 1808ರಲ್ಲಿ ಗವರ್ನರನನ್ನೇ ಬಂಧಿಸಿ ಕೆಲವು ತಿಂಗಳು ಈ ವಸಾಹತನ್ನು ಆಳಿದ.

ಇನ್ನೊಬ್ಬ ಜಾರ್ಜ್ ಬ್ಯಾರಿಂಗ್ಟನ್. ಐರ್ಲೆಂಡಿನವನು, ಯುರೋಪಿಗೆಲ್ಲ ಹೆಸರಾದ ಜೇಬುಗಳ್ಳ. ಠಾಕುಠೀಕಾಗಿ ಬಟ್ಟೆ ತೊಟ್ಟು, ದೊಡ್ಡವರ ನಡುವೆ ಕೂತು, 1775ರಲ್ಲಿ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ರಷ್ಯಾದ ಕೌಂಟ್ ಆರ್ಲಾವ್‌ನ ವಜ್ರದ ನಶ್ಯಡಬ್ಬಿಗೇ ಕೈ ಹಾಕಿದವನು. 1790ರಲ್ಲಿ ಕುದುರೆ ರೇಸಿನಲ್ಲಿ ಚಿನ್ನದ ಗಡಿಯಾರ ಎಗರಿಸಿ ಏಳು ವರ್ಷದ ಗಡೀಪಾರು ಪಡೆದ. ಇಲ್ಲಿಗೆ ಬಂದವನು ಕ್ಷಮಾದಾನ ಪಡೆದು ಪರಮಟ್ಟದಲ್ಲಿ ಪೊಲೀಸ್ ಮುಖ್ಯಸ್ಥನಾದ. ನಾವು ದೋಸೆಹಿಟ್ಟು, ಕರಿಬೇವು ಕೊಳ್ಳಲು ಹೋಗುವ ಹ್ಯಾರಿಸ್ ಪಾರ್ಕಿನ ಪಕ್ಕದ ಅದೇ ಪರಮಟ್ಟ. ಅತ್ತ ಲಂಡನ್ನಿನ ಪ್ರಕಾಶಕರು ಅವನ ಹೆಸರು ಹಾಕಿ ಬಾಟನಿ ಬೇ ಪ್ರವಾಸಕಥನ ಅಚ್ಚುಹಾಕಿ ಮಾರಿದರು. ಅದನ್ನು ಅವನು ಬರೆದೇ ಇರಲಿಲ್ಲ. ಆ ಕಳವಿಗೆ ಯಾರೂ ಬೆಲೆ ಕಟ್ಟಲಿಲ್ಲ, ಯಾರಿಗೂ ಶಿಕ್ಷೆಯಾಗಲಿಲ್ಲ. ಬ್ಯಾರಿಂಗ್ಟನ್ 1804ರಲ್ಲಿ ಪರಮಟ್ಟದಲ್ಲೇ ತೀರಿಕೊಂಡ.