‘ಸಂಸ್ಕಾರ’: ಒಂದೇ ಚಿತ್ರ, ಎರಡು ತೀರ್ಪು



ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಕಾಲೇಜಿನಲ್ಲಿ ಕನ್ನಡ ಓದಿದವರಂತೂ ಅದನ್ನು ದಾಟಿಯೇ ಬಂದಿರಬೇಕು. ಆದರೆ ಅದರ ಚಿತ್ರವನ್ನು ನೋಡಿದ್ದೀರಾ? 1970ರಲ್ಲಿ ಮದರಾಸಿನ ಸೆನ್ಸಾರ್ ಮಂಡಳಿ ಈ ಚಿತ್ರವನ್ನು ತೋರಿಸಕೂಡದೆಂದು ತಡೆಯಿತು. ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಇದಕ್ಕೇ ಬಂತು. ಕನ್ನಡಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಒಂದೇ ಚಿತ್ರಕ್ಕೆ ಹೀಗೆ ಎರಡು ತೀರ್ಪು ಹೇಗೆ ಬಂತು?

ಮೊದಲು ಕಥೆಯನ್ನು ನೆನಪು ಮಾಡಿಕೊಳ್ಳೋಣ. ದೂರ್ವಾಸಪುರವೆಂಬ ಮಾಧ್ವರ ಅಗ್ರಹಾರ. ಆಚಾರ ಬಿಟ್ಟ ನಾರಣಪ್ಪ ಸಾಯುತ್ತಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕು? ಹೆಣ ತೆಗೆಯುವವರೆಗೆ ಅಗ್ರಹಾರದವರು ಊಟ ಮಾಡುವಂತಿಲ್ಲ. ನಾರಣಪ್ಪನ ಜೊತೆಗಿದ್ದ ಚಂದ್ರಿ ಖರ್ಚಿಗೆಂದು ತನ್ನ ಒಡವೆ ತೆಗೆದಿಟ್ಟಾಗ ಕೆಲವರ ಆಸೆಯೂ ಹೊರಬೀಳುತ್ತದೆ. ಎಲ್ಲರೂ ಪ್ರಾಣೇಶಾಚಾರ್ಯರ ಮುಖ ನೋಡುತ್ತಾರೆ. ಗ್ರಂಥದಲ್ಲಿ ಉತ್ತರವಿಲ್ಲ, ಮಾರುತಿಯೂ ಉತ್ತರ ಕೊಡುವುದಿಲ್ಲ. ಆ ರಾತ್ರಿ ಕಾಡಿನಲ್ಲಿ ಚಂದ್ರಿಯೊಡನೆ ಆದ ಕೂಟ ಆಚಾರ್ಯರ ಬದುಕನ್ನೇ ತಿರುಗಿಸುತ್ತದೆ. ಊರಿಗೆ ಬಂದಿರುವುದು ಪ್ಲೇಗು.

ಈ ಕಥೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಅದೂ ಒಂದು ಸಿನಿಮಾ ನೋಡಿದ ಮೇಲೆ. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆ ಹೋಗಿದ್ದ ಅನಂತಮೂರ್ತಿಯವರು ತಮ್ಮ ಗುರು, ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಇಂಗ್ಮಾರ್ ಬರ್ಗ್‌ಮನ್‌ರ ‘ದಿ ಸೆವೆಂತ್ ಸೀಲ್’ ನೋಡಿದರು. ಅದರಲ್ಲೂ ಪ್ಲೇಗು, ಅದರಲ್ಲೂ ಉತ್ತರ ಕೊಡದ ದೇವರು. ಆ ಚಿತ್ರ ತಮ್ಮನ್ನು ಬರೆಯಲು ಹಚ್ಚಿತೆಂದು ಅವರೇ ಹೇಳಿದ್ದಾರೆ. ಧಾರವಾಡದ ಮನೋಹರ ಗ್ರಂಥಮಾಲೆ 1965ರಲ್ಲಿ ಕಾದಂಬರಿಯನ್ನು ಪ್ರಕಟಿಸಿತು. ಕೆಲವರು ಮೆಚ್ಚಿದರು, ಕೆಲವರಿಗೆ ಕೋಪ ಬಂತು. ಆದರೆ ಪುಸ್ತಕವನ್ನು ಯಾರೂ ನಿಷೇಧಿಸಲಿಲ್ಲ.

ಚಿತ್ರ ಮಾಡಲು ಹೊರಟವರು ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ವಹಿಸಿದವರು ಗಿರೀಶ ಕಾರ್ನಾಡ. ಐರೋಲಿಯ ಶ್ರೋತೃಗಳಿಗೆ ಕಾರ್ನಾಡರು ದೂರದವರೇನಲ್ಲ. ಠಾಣೆಯಲ್ಲಿ ಕರ್ಜತ್ ಲೋಕಲ್ ಹಿಡಿದು ನೇರಳದಲ್ಲಿ ಇಳಿದರೆ ಮೇಲೆ ಕಾಣುವ ಮಾಥೇರಾನಿನಲ್ಲೇ 1938ರಲ್ಲಿ ಅವರು ಹುಟ್ಟಿದ್ದು. ಚಂದ್ರಿಯಾದವರು ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ, ನಾರಣಪ್ಪನಾದವರು ಪಿ. ಲಂಕೇಶ್. ಸಂಗೀತ ರಾಜೀವ ತಾರಾನಾಥರದು, ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್‌ರದು. ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ ಚಿತ್ರೀಕರಣ ನಡೆಯಿತು. ಚಿತ್ರ ಕಪ್ಪು ಬಿಳುಪು, ಹಾಡು ಕುಣಿತಗಳಿಲ್ಲ.

ಜಾತಿಯ ವಿಷಯ ಜನರನ್ನು ಕೆರಳಿಸೀತು ಎಂಬುದು ಸೆನ್ಸಾರ್ ಮಂಡಳಿಯ ಅಂಜಿಕೆ. ಐದು ವರ್ಷದಿಂದ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಕಥೆ ಪರದೆಯ ಮೇಲೆ ಬಂದೊಡನೆ ಏಕೆ ಅಪಾಯಕಾರಿಯಾಯಿತು? ಇದಕ್ಕೆ ಆ ಕಾಲದ ಕಾನೂನಿನಲ್ಲಿ ಒಂದು ಉತ್ತರವಿದೆ, ಅದು ನಮ್ಮ ಮುಂಬಯಿಗೂ ಸಂಬಂಧಪಟ್ಟದ್ದು. ಇಲ್ಲಿನ ಚಿತ್ರ ನಿರ್ದೇಶಕ ಕೆ. ಎ. ಅಬ್ಬಾಸ್ ತಮ್ಮ ಸಾಕ್ಷ್ಯಚಿತ್ರಕ್ಕೆ ಸೆನ್ಸಾರ್ ಒಡ್ಡಿದ ಅಡ್ಡಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1970ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು: ಬೇರೆ ಕಲೆಗಳಿಗಿಂತ ಸಿನಿಮಾ ಜನರ ಭಾವನೆಯನ್ನು ಹೆಚ್ಚು ಕಲಕುತ್ತದೆ, ಆದ್ದರಿಂದ ಮುಂಚಿತವಾಗಿ ಪರೀಕ್ಷಿಸುವುದು ಸರಿ. ಆದರೆ ಪರೀಕ್ಷಿಸುವವರು ಕಲೆಗೆ ಜಾಗ ಬಿಡಬೇಕು ಎಂದೂ ನ್ಯಾಯಾಲಯ ಹೇಳಿತು. ಮಂಡಳಿಯ ವಿರುದ್ಧ ದೂರು ಕೇಳಲು ಆಗ ಪ್ರತ್ಯೇಕ ನ್ಯಾಯಮಂಡಳಿ ಇರಲಿಲ್ಲ. ಅದು ಬಂದದ್ದು 1983ರಲ್ಲಿ, ರದ್ದಾದದ್ದು 2021ರಲ್ಲಿ. ‘ಸಂಸ್ಕಾರ’ದವರು ಕೇಂದ್ರ ಸರ್ಕಾರದ ಬಾಗಿಲನ್ನೇ ತಟ್ಟಬೇಕಾಯಿತು. ಕೊನೆಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಖಾತೆ ನಿಷೇಧ ತೆಗೆಯಿತು.

ಇಲ್ಲೊಂದು ಸೂಕ್ಷ್ಮವನ್ನು ನೀವು ಗಮನಿಸಬೇಕು. ತಡೆದವರೂ ಮೆಚ್ಚಿದವರಲ್ಲಿ ಬಹಳ ಮಂದಿಯೂ ಚಿತ್ರವನ್ನು ಜಾತಿ ವ್ಯವಸ್ಥೆಯ ಟೀಕೆಯೆಂದೇ ನೋಡಿದರು. ಒಬ್ಬರಿಗೆ ಅದು ಅಪಾಯ, ಇನ್ನೊಬ್ಬರಿಗೆ ಧೈರ್ಯ. ಆದರೆ ಪುಸ್ತಕ ಅಲ್ಲಿಗೇ ನಿಲ್ಲುವುದಿಲ್ಲ. ತಪ್ಪು ತನ್ನಿಂದಲೇ ನಡೆದಾಗ, ಇಷ್ಟು ದಿನ ತಾನು ನಡೆಸಿದ ಧರ್ಮ ತನ್ನ ಆಯ್ಕೆಯಾಗಿತ್ತೋ ಬರೀ ಅಭ್ಯಾಸವಾಗಿತ್ತೋ ಎಂದು ಆಚಾರ್ಯರು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಪುಟಗಟ್ಟಲೆ ನಡೆಯುವ ಆ ಒಳಮಾತನ್ನು ಕ್ಯಾಮೆರಾ ಹಿಡಿಯುವುದು ಕಷ್ಟ. ಅದು ಮುಖ, ಬೀದಿ, ಹೆಣ, ರಣಹದ್ದುಗಳನ್ನು ತೋರಿಸಬಲ್ಲದು. ಹಾಗಾಗಿ ಚಿತ್ರದಲ್ಲಿ ಅಗ್ರಹಾರ ದೊಡ್ಡದಾಗಿ, ಆಚಾರ್ಯರ ಪ್ರಶ್ನೆ ಸ್ವಲ್ಪ ಹಿಂದೆ ಸರಿಯಿತೇನೋ. ಇದು ಚಿತ್ರದ ದೋಷವೆನ್ನುವುದಕ್ಕಿಂತ ಆ ಮಾಧ್ಯಮದ ಗುಣ.

ಕಾದಂಬರಿಗೂ ಇಂಥ ಪಾಡು ತಪ್ಪಲಿಲ್ಲ. ಎ. ಕೆ. ರಾಮಾನುಜನ್‌ರ ಇಂಗ್ಲಿಷ್ ಅನುವಾದ 1976ರಲ್ಲಿ ಬಂದ ಮೇಲೆ ವಿ. ಎಸ್. ನೈಪಾಲರು 1977ರ ತಮ್ಮ ಪುಸ್ತಕದಲ್ಲಿ ಅದನ್ನು ಚರ್ಚಿಸಿದರು. ಅವರು ಆಚಾರ್ಯರನ್ನು ಒಬ್ಬ ಮನುಷ್ಯನೆಂದು ನೋಡದೆ ಇಡೀ ಹಿಂದೂ ನಾಗರಿಕತೆಯ ಕೊರತೆಗೆ ಸಾಕ್ಷಿಯಾಗಿ ನಿಲ್ಲಿಸಿದರು. ತನ್ನ ಊರನ್ನು ಒಳಗಿನವನೊಬ್ಬ ಪ್ರಶ್ನಿಸಿದ್ದು ಹೊರಗಿನವರ ಕೈಯಲ್ಲಿ ಊರಿನ ಮೇಲಿನ ದೂರಾಗಿಬಿಟ್ಟಿತು. ಅನಂತಮೂರ್ತಿಯವರು ತೀರ್ಥಹಳ್ಳಿ ಸೀಮೆಯ ಮೇಳಿಗೆಯವರು, ಅಂಥದೇ ಮಾಧ್ವ ಮನೆತನದವರು ಎಂಬುದನ್ನು ಮರೆತರೆ ಕಾದಂಬರಿಯ ನೋವು ತಿಳಿಯುವುದಿಲ್ಲ.

ಊರು ಬಿಟ್ಟು ಬಂದ ನಮಗೆ ಈ ಮಾತು ಬೇಗ ತಟ್ಟಬೇಕು. ಊರಿನ ಕಟ್ಟಳೆಗಳಲ್ಲಿ ಕೆಲವನ್ನು ತಂದಿದ್ದೇವೆ, ಕೆಲವನ್ನು ಘಾಟಿಯ ಆಚೆಗೇ ಬಿಟ್ಟಿದ್ದೇವೆ. ಯಾವುದನ್ನು ಯೋಚಿಸಿ ಉಳಿಸಿಕೊಂಡೆವು, ಯಾವುದನ್ನು ಸುಮ್ಮನೆ ಹೊತ್ತು ತಂದೆವು? ಪ್ರಾಣೇಶಾಚಾರ್ಯರ ಪ್ರಶ್ನೆಯೂ ಇದೇ ಅಲ್ಲವೇ?

ಅವಕಾಶ ಸಿಕ್ಕಾಗ ಮೊದಲು ಪುಸ್ತಕ ಓದಿ, ಆಮೇಲೆ ಚಿತ್ರ ನೋಡಿ. ಮಂಡಳಿ ಹೇಳಿದ್ದನ್ನೂ ಪ್ರಶಸ್ತಿ ಸಮಿತಿ ಹೇಳಿದ್ದನ್ನೂ ಬದಿಗಿಟ್ಟು ನಿಮ್ಮ ತೀರ್ಪು ನೀವೇ ಕೊಡಿ.