ಹಿಟ್ಟಿಲ್ಲದ ಹಬ್ಬದ ಸಿಹಿ

ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯ ಮಗ್ಗುಲಲ್ಲಿರುವ ಮುಳ್ಳೂರು ನನ್ನ ಊರು. ಏಕಾದಶಿಯ ದಿನ ನಮ್ಮ ಮನೆಯಲ್ಲಿ ಅಕ್ಕಿಯ ಮಡಕೆಗೆ ಯಾರೂ ಕೈಹಾಕುತ್ತಿರಲಿಲ್ಲ. ಅಂದು ಹಾಲು, ಹಣ್ಣು, ಸಬ್ಬಕ್ಕಿಯ ಪಾಯಸ. ಹುಡುಗರಾದ ನಮಗೆ ಉಪವಾಸಕ್ಕಿಂತ ಉಪವಾಸದ ತಿಂಡಿಯ ಮೇಲೆಯೇ ಭಕ್ತಿ ಹೆಚ್ಚು. ‘ಬೇಡ’ ಎಂಬ ಒಂದು ಮಾತಿನಿಂದ ಅಡಿಗೆಮನೆಯಲ್ಲಿ ಹೊಸ ರುಚಿ ಹುಟ್ಟಬಲ್ಲುದೆಂದು ನಾನು ತಿಳಿದುದು ಅಲ್ಲಿಯೇ.

ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನಲ್ಲಿ ಯೆಹೂದ್ಯ ಗೆಳೆಯನೊಬ್ಬ ಪಸ್ಕ ಹಬ್ಬದ ಊಟಕ್ಕೆ ಕರೆದ. ಈ ನಗರದಲ್ಲಿ ಯೆಹೂದ್ಯರು ಕೆಲವೇ ಮನೆಯವರು. ಆದರೂ 1904ರಲ್ಲೇ ಅವರಿಗೆ ಇಲ್ಲಿ ಸ್ವಂತ ರುದ್ರಭೂಮಿ ಆಯಿತು. ಊಟದ ಕೊನೆಗೆ ತಟ್ಟೆಗೆ ಬಂದುದು ಚಾಕೊಲೆಟ್ಟಿನ ಬ್ರೌನಿ. ಅದರಲ್ಲಿ ಹಿಟ್ಟು ಒಂದು ಚಿಟಿಕೆಯೂ ಇರಲಿಲ್ಲ.

ಹಿಟ್ಟಿಗೆ ಏಕೆ ಈ ಬಹಿಷ್ಕಾರ? ಐಗುಪ್ತದ ದಾಸ್ಯದಿಂದ ಬಿಡುಗಡೆಯಾದ ಇಸ್ರಾಯೇಲ್ಯರಿಗೆ, ನಾದಿದ ಹಿಟ್ಟು ಹುಳಿಯುವವರೆಗೆ ಕಾಯುವಷ್ಟೂ ವ್ಯವಧಾನವಿರಲಿಲ್ಲವೆಂದು ಅವರ ಧರ್ಮಗ್ರಂಥ ಹೇಳುತ್ತದೆ. ಆ ಅವಸರದ ನೆನಪಿಗಾಗಿ ಹಬ್ಬದ ದಿನಗಳಲ್ಲಿ ಗೋಧಿ, ಬಾರ್ಲಿ ಮೊದಲಾದ ಐದು ಧಾನ್ಯಗಳಿಂದಾದ, ಹುಳಿತು ಉಬ್ಬಿದ ಯಾವುದೂ ಮನೆಯಲ್ಲಿರಕೂಡದು. ಹಬ್ಬದ ರೊಟ್ಟಿಯಾದರೂ ಹಿಟ್ಟಿಗೆ ನೀರು ತಾಕಿದ 18 ನಿಮಿಷದೊಳಗೆ ಬೆಂದಿರಬೇಕು. ಮಧ್ಯ ಮತ್ತು ಪೂರ್ವ ಯೂರೋಪಿನ ಯೆಹೂದ್ಯರು ಅಕ್ಕಿ, ಬೇಳೆ, ಕಿರುಧಾನ್ಯಗಳನ್ನೂ ದೂರವಿಟ್ಟರು. ಕೊಚ್ಚಿ, ಕೊಂಕಣಗಳ ಯೆಹೂದ್ಯರು ಮಾತ್ರ ಅನ್ನವನ್ನು ಬಿಡಲಿಲ್ಲ. ನಮ್ಮ ನೆಲದ ಗುಣವಿದ್ದೀತು!

ಬ್ರೌನಿ ಅಮೆರಿಕದ ಕೂಸು. ಅಲ್ಲಿನ ಅಡಿಗೆಯ ಪುಸ್ತಕಗಳಲ್ಲಿ ಚಾಕೊಲೆಟ್ ಬ್ರೌನಿ ಕಾಣಿಸಿಕೊಂಡುದು 20ನೆಯ ಶತಮಾನದ ಆರಂಭದಲ್ಲಿ. ಪಸ್ಕಕ್ಕಾಗಿ ಅದರಿಂದ ಹಿಟ್ಟನ್ನು ತೆಗೆದರು. ಕರಗಿಸಿದ ಚಾಕೊಲೆಟ್ಟು, ಬೆಣ್ಣೆ, ಸಕ್ಕರೆ, ಚೆನ್ನಾಗಿ ಕಡೆದ ಮೊಟ್ಟೆ, ಬೇಕಾದರೆ ಬಾದಾಮಿಯ ಪುಡಿ, ಇಷ್ಟೇ ಸಾಮಗ್ರಿ. ಊಟದಲ್ಲಿ ಮಾಂಸವಿದ್ದರೆ ಬೆಣ್ಣೆಯೂ ಇಲ್ಲ, ಎಣ್ಣೆಯೇ ಗತಿ. ಹಾಲು ಮಾಂಸಗಳನ್ನು ಅವರು ಕೂಡಿಸುವುದಿಲ್ಲ. ಮೊಟ್ಟೆಯೊಳಗೆ ಸೇರಿದ ಗಾಳಿ ಒಲೆಯ ಕಾವಿಗೆ ಹಿಗ್ಗಿ ಕಣಕವನ್ನು ಎತ್ತುತ್ತದೆ. ಹುಳಿಯ ಕೆಲಸವಲ್ಲವಾದ್ದರಿಂದ ನೇಮಕ್ಕೆ ಭಂಗವಿಲ್ಲ. ನಡುವೆ ಇನ್ನೂ ಮೆತ್ತಗಿರುವಾಗಲೇ ಒಲೆಯಿಂದ ತೆಗೆಯಬೇಕು. ಆರಿದ ಮೇಲೆ ತಾನೇ ಬಿಗಿಯುತ್ತದೆ.

ಆದರೆ ಈ ಸಿಹಿಯ ಹಿಂದಿನ ಕಥೆ ಅಷ್ಟು ಸಿಹಿಯಲ್ಲ. 17ನೆಯ ಶತಮಾನದಲ್ಲಿ ಪೋರ್ಚುಗಲ್ಲಿನ ಧಾರ್ಮಿಕ ವಿಚಾರಣೆಯ ಭಯದಿಂದ ಓಡಿಬಂದ ಯೆಹೂದ್ಯರು ಫ್ರಾನ್ಸಿನ ಬಯೋನ್ ಪಟ್ಟಣಕ್ಕೆ ಚಾಕೊಲೆಟ್ ತಯಾರಿಸುವ ವಿದ್ಯೆಯನ್ನು ತಂದರು. ವಿದ್ಯೆ ಕಲಿತ ಊರು 1761ರಲ್ಲಿ ಕಸಬುದಾರರ ಸಂಘ ಕಟ್ಟಿ ಕಲಿಸಿದವರನ್ನೇ ಹೊರಗಿಟ್ಟಿತು. ಆ ಕಟ್ಟಳೆ ರದ್ದಾಗಲು 1767ರವರೆಗೆ ಕಾಯಬೇಕಾಯಿತು. ಅದೇ ಕಾಲದಲ್ಲಿ ಅಮೆರಿಕ ಖಂಡದ ವಸಾಹತುಗಳಲ್ಲಿ ಕೋಕೋ ಬೆಳೆಯುತ್ತಿದ್ದವರಲ್ಲಿ ಆಫ್ರಿಕದಿಂದ ಹಿಡಿದುತಂದ ಗುಲಾಮರಿದ್ದರು. ಬಿಡುಗಡೆಯ ಹಬ್ಬಕ್ಕೆ ಮುಂದೆ ಒದಗಿದ ಸಿಹಿಯಲ್ಲಿ ದಾಸರ ಬೆವರೂ ಬೆರೆತಿತ್ತು.

ಕೋಕೋ ನಮ್ಮ ನಾಡಿಗೂ ಬಂದಿತು. 1970ರ ದಶಕದಲ್ಲಿ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಅದನ್ನು ನೆಟ್ಟ ಕೃಷಿಕರು 1980ರ ಸುಮಾರಿಗೆ ಬೆಲೆ ಕುಸಿದಾಗ ಕೊಳ್ಳುವವರಿಲ್ಲದೆ ಕಂಗಾಲಾದರು. ಆಗ ಬೆಳೆಗಾರರದೇ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ ಕೋಕೋ ಕೊಳ್ಳಲು ಮುಂದಾಯಿತು; 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೆಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆದವನೇ ಒಡೆಯನಾದ ಚಾಕೊಲೆಟ್ಟು ಅದು.

ಪಸ್ಕದ ಊಟದಲ್ಲಿ ಮನೆಯ ಕಿರಿಯ ಮಗು, ಈ ರಾತ್ರಿಯ ವಿಶೇಷವೇನೆಂದು ಹಿರಿಯರನ್ನು ಕೇಳಬೇಕೆಂಬುದು ಸಂಪ್ರದಾಯ. ಅಂದು ಗೆಳೆಯನ ಮಗಳು ಕೇಳಿದಳು. ಹಿರಿಯರು ಕಥೆ ಹೇಳಿದರು. ಬ್ರೌನಿಯ ತುಂಡನ್ನು ಕೈಗೆತ್ತಿಕೊಂಡಾಗ ನನಗೂ ಒಂದು ಪ್ರಶ್ನೆ ಬಂದಿತು: ಇದರ ಬೀಜವನ್ನು ಬಿಡಿಸಿದ ಕೈಗಳಿಗೂ ಬಿಡುಗಡೆಯಾಗಿದೆಯೇ? ಕೇಳುವ ಧೈರ್ಯವಾಗಲಿಲ್ಲ. ಆದರೆ ಹಬ್ಬದ ಪಂಕ್ತಿಯಲ್ಲಿ ಅದೂ ಕೇಳತಕ್ಕ ಪ್ರಶ್ನೆಯೇ ಎಂದು ಈಗ ತೋರುತ್ತದೆ.