ಅತ್ತೆಗೆ ನಾಲ್ಕು ಮಾತು

ನಮ್ಮತ್ತೆ ತೀರಿಕೊಂಡ ಹತ್ತನೆಯ ದಿನ ಮೈದುನ ಬಂದು, “ಅತ್ತಿಗೆ, ನಾಳೆ ಕಾರ್ಯಕ್ಕೆ ಊರವರೆಲ್ಲ ಬರ್ತಾರೆ. ಅವ್ವನ ಬಗ್ಗೆ ನಾಲ್ಕು ಮಾತು ನೀವೇ ಆಡಿ. ನೀವು ಟೀಚರಲ್ವಾ?” ಎಂದ.

ಶಾಲೆಯಲ್ಲಿ ನಿವೃತ್ತರಾದವರಿಗೆಲ್ಲ ಬೀಳ್ಕೊಡುಗೆ ಭಾಷಣ ಬರೆದ ಕೈ ನನ್ನದು. ರಾತ್ರಿ ಕುಳಿತು ಬರೆದೆ: ತ್ಯಾಗಮಯಿ, ಸಹನಾಮೂರ್ತಿ, ಮಮತೆಯ ಕಡಲು. ಓದಿಕೊಂಡರೆ ನನಗೇ ನಗು ಬಂತು. ಸಾರಿಗೆ ಉಪ್ಪು ಹೆಚ್ಚಾದರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ ನಮ್ಮತ್ತೆ ಸಹನಾಮೂರ್ತಿಯೇ?

ಹಾಳೆ ಹರಿದು ಹಾಕಿ, ಮಕ್ಕಳಿಗೆ ಪಾಠ ಮಾಡಿದ ಶಾಸನಗಳನ್ನು ನೆನೆಸಿಕೊಂಡೆ. ಸತ್ತವರಿಗೆ ನುಡಿನಮನ ಸಲ್ಲಿಸುವುದು ಕನ್ನಡಕ್ಕೆ ಹೊಸದಲ್ಲ. ನಮ್ಮ ಹೊರಮಾವಿನಿಂದ ವರ್ತುಲ ರಸ್ತೆ ಹಿಡಿದು ಹೋದರೆ ಹೆಬ್ಬಾಳ. ಅಲ್ಲಿ 2018ರಲ್ಲಿ ಸಿಕ್ಕ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಕಿತ್ತಯ್ಯನೆಂಬವನು ಹೋರಾಡಿ ಸತ್ತನೆಂದು ಅದು ಹೇಳುತ್ತದೆ. ಹೆಸರು, ಮಾಡಿದ ಕೆಲಸ, ಸಾವು. ಅಷ್ಟರಿಂದಲೇ ಆತ ಇಂದಿಗೂ ಉಳಿದಿದ್ದಾನೆ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ನನಗೆ ಇನ್ನೂ ಇಷ್ಟ. 949ರ ತಕ್ಕೋಲದ ಯುದ್ಧದ ಕಾಲದ್ದು. ಗಂಗರ ಬೂತುಗನ ಬಂಟ ಮಣಲೇರ, ಏನು ಬೇಕೆಂದು ಕೇಳಿದಾಗ, ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟ.

ಹೆಂಗಸರ ವಿಷಯಕ್ಕೆ ಬಂದಾಗ ಮನಸ್ಸು ಮುದುಡಿತು. ಊರೂರಲ್ಲಿರುವ ಮಾಸ್ತಿಗಲ್ಲುಗಳು ಬೆಂಕಿಗೆ ಬಿದ್ದವರವು. 1057ರ ಬೆಳತೂರಿನ ಶಾಸನದ ದೇಕಬ್ಬೆ, ಮನೆಯವರು ಬೇಡವೆಂದರೂ ಕೇಳದೆ ಗಂಡನ ಹಿಂದೆ ಚಿತೆಯೇರಿದವಳು. ಎಷ್ಟು ಚಂದದ ಪದ್ಯಗಳಿದ್ದರೂ ಆ ಹೊಗಳಿಕೆ ಸಾವಿಗೆ ಸಂದದ್ದು. ಬದುಕಿದ್ದಕ್ಕೆ ಹೊಗಳಿಸಿಕೊಂಡವಳು ಯಾರು ಎಂದು ಯೋಚಿಸಿದರೆ ಅತ್ತಿಮಬ್ಬೆ ನೆನಪಾದಳು. ಲಕ್ಕುಂಡಿಯ 1007ರ ಶಾಸನ ಅವಳನ್ನು ಕೊಂಡಾಡುತ್ತದೆ. ಗಂಡ ಸತ್ತ ಮೇಲೆ ಅವಳು ಬದುಕಿದಳು, ಬಸದಿ ಕಟ್ಟಿಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು.

ನಮ್ಮತ್ತೆಯೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಅವರು ಏನು ಮಾಡಿದರು? ಪೆನ್ನು ತಾನಾಗಿ ಓಡಿತು.

ಮರುದಿನ ಎದ್ದು ನಿಂತಾಗ ಕಾಲು ನಡುಗುತ್ತಿತ್ತು. ಓದಿದೆ: “ನಮ್ಮತ್ತೆಗೆ ಓದು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದರು. ಎರಡು ಹಸು ಕಟ್ಟಿ ಮೂರು ಮಕ್ಕಳನ್ನು ಸಾಕಿದರು. ಯಾರ ಮನೆಗೆ ಎಷ್ಟು ಪಾವು ಹಾಲೆಂದು ಇದ್ದಿಲಿನಲ್ಲಿ ಗೋಡೆಗೆ ಗೀಟೆಳೆಯುತ್ತಿದ್ದರು. 1993ರಲ್ಲಿ, ಮದುವೆಯಾದ ಸೊಸೆಗೆ ಓದೇಕೆಂದು ನೆಂಟರು ಕೇಳಿದಾಗ, ಆ ಹಾಲಿನ ದುಡ್ಡಿನಲ್ಲಿ ನನ್ನ ಬಿ.ಎಡ್. ಫೀಸು ಕಟ್ಟಿದರು. ನನ್ನ ಸಾರು ಅವರಿಗೆ ಕೊನೆವರೆಗೂ ಹಿಡಿಸಲಿಲ್ಲ. ನಾನೂ ಎದುರು ಮಾತಾಡಿದ್ದೇನೆ. ಅವರಿಗೆ ಋಣಿಯೆಂದು ಒಮ್ಮೆಯೂ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ.”

ಮುಂದೆ ಓದಲಾಗಲಿಲ್ಲ, ಕುಳಿತುಬಿಟ್ಟೆ. ಚಪ್ಪರವೆಲ್ಲ ಸುಮ್ಮನಿತ್ತು. ಆ ಇದ್ದಿಲಿನ ಗೀಟುಗಳ ಮೇಲೆ ಪ್ರತಿ ಯುಗಾದಿಗೂ ಸುಣ್ಣ ಬಳಿದವಳು ನಾನೇ ಎಂಬುದೊಂದು ಎದೆಯಲ್ಲಿ ಚುಚ್ಚುತ್ತಿತ್ತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾ ಅಂದರು: “ನಮ್ಮನೆಗೂ ಅವಳೇ ಕಣಮ್ಮಾ ಹಾಲು ಹಾಕ್ತಿದ್ದದ್ದು. ಒಂದು ದಿನವೂ ನೀರು ಬೆರೆಸಲಿಲ್ಲ.”

ನಾನು ಬರೆಯಲು ಮರೆತಿದ್ದ ಸಾಲು ಅದು.